ದೊಡ್ಡ ಸಬ್‌ವೂಫರ್ ಮನೆಗೆ ಬಂತು, ಒಳ್ಳೇ ಬೇಸ್ ಯಾಕೆ ಬರ್ಲಿಲ್ಲ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ)

ಇವತ್ತಿನ ಸಂಚಿಕೆ ಬೇಸ್ ಇಷ್ಟಪಡೋರಿಗೆ. ನೀವು ಇದನ್ನ ಇಯರ್‌ಫೋನ್‌ನಲ್ಲೇ ಕೇಳ್ತಿರಬಹುದು. ನಾನು ಹೇಳೋಕೆ ಹೊರಟಿರೋದು ಮಾತ್ರ ಇಬ್ಬರು ಸೇರಿ ಎತ್ತಬೇಕಾದ ವಸ್ತುವಿನ ಬಗ್ಗೆ. 15 ಇಂಚು ಅಥವಾ 18 ಇಂಚಿನ ದೊಡ್ಡ ಪ್ಯಾಸಿವ್ ಸಬ್‌ವೂಫರ್.

ಇದು ಮನೆಗೆ ಬರೋ ದಾರಿ ಬೇರೆ ಬೇರೆ. ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಡ್ರೈವರ್ ತಗೊಂಡು ಬಡಗಿ ಹತ್ರ ಡಬ್ಬ ಮಾಡಿಸೋರು ಇದ್ದಾರೆ. ಡಿಜೆ ಸೆಟ್ ಬಾಡಿಗೆಗೆ ಕೊಡೋರ ಹತ್ರ ಹಳೇ ಕ್ಯಾಬಿನೆಟ್ ಕೊಳ್ಳೋರು ಇದ್ದಾರೆ. ಕಾರ್ ಮಾರುವಾಗ ಡಿಕ್ಕಿಯಲ್ಲಿದ್ದ ಸಬ್ ಬಿಚ್ಚಿಟ್ಟುಕೊಂಡು ಹಾಲ್‌ಗೆ ತರೋರೂ ಇದ್ದಾರೆ. ಆಮೇಲೆ ನನಗೆ ಬರೋ ಪ್ರಶ್ನೆ ಮೂರೇ ಥರ. ಒಂದು, ಸೌಂಡೇ ಬರ್ತಿಲ್ಲ. ಎರಡು, ಯಾವ ಹಾಡು ಹಾಕಿದ್ರೂ ಒಂದೇ ಥರ ಗುಂಯ್ ಅಂತಿದೆ. ಮೂರು, ಪಕ್ಕದ ಮನೆಯವರು ಬಾಗಿಲು ತಟ್ಟಿದ್ರು.

ಈ ಮೂರಕ್ಕೂ ನನ್ನ ಉತ್ತರ ಒಂದೇ. ಸಬ್‌ವೂಫರ್ ಅನ್ನೋದು ಈ ಕೆಲಸದ ಸುಲಭದ ಭಾಗ. ಅದಕ್ಕೆ ಪವರ್ ಕೊಡೋ ಆಂಪ್, ಅದಕ್ಕೆ ಮುಂಚೆ ಬರೋ ಫಿಲ್ಟರ್, ಅದನ್ನ ಇಡೋ ಜಾಗ, ಈ ಮೂರೇ ಬೇಸ್ ಹೇಗಿರುತ್ತೆ ಅಂತ ತೀರ್ಮಾನ ಮಾಡೋದು. ಒಂದೊಂದಾಗಿ ನೋಡೋಣ.

ಪ್ಯಾಸಿವ್ ಅಂದ್ರೆ ಏನು?

ಅಂಗಡಿಯಲ್ಲಿ ಸಿಗೋ ಸಾಮಾನ್ಯ ಹೋಮ್ ಥಿಯೇಟರ್ ಸಬ್ ಆಕ್ಟಿವ್. ಅಂದ್ರೆ ಅದರ ಹೊಟ್ಟೆಯಲ್ಲೇ ಆಂಪ್ಲಿಫೈಯರ್ ಇರುತ್ತೆ, ಹಿಂದೆ ವಾಲ್ಯೂಮ್, ಕ್ರಾಸ್‌ಓವರ್, ಫೇಸ್ ಅಂತ ತಿರುಗಣೆಗಳಿರುತ್ತವೆ. ಪ್ಯಾಸಿವ್‌ನಲ್ಲಿ ಇದ್ಯಾವುದೂ ಇಲ್ಲ. ಒಂದು ಡಬ್ಬ, ಒಂದು ಡ್ರೈವರ್, ಹಿಂದೆ ಎರಡು ಟರ್ಮಿನಲ್. ಅಷ್ಟೇ. ಉಳಿದ ಕೆಲಸವೆಲ್ಲ ನಿಮ್ಮದು.

ಇದರಲ್ಲಿ ಲಾಭವೂ ಇದೆ. ಆಕ್ಟಿವ್ ಸಬ್‌ನಲ್ಲಿ ಎಲೆಕ್ಟ್ರಾನಿಕ್ಸ್ ಬೋರ್ಡ್ ಸದಾ ಅದುರೋ ಡಬ್ಬದೊಳಗೇ ಕೂತಿರುತ್ತೆ. ಅದು ಹೋದ್ರೆ, ಅದೇ ಬೋರ್ಡ್ ಸಿಗದಿದ್ರೆ, ಇಡೀ ಸಬ್ ಮೂಲೆಗೆ. ಪ್ಯಾಸಿವ್‌ನಲ್ಲಿ ಆಂಪ್ ಹೋದ್ರೆ ಆಂಪ್ ಬದಲಿಸಿ, ಡ್ರೈವರ್ ಹೋದ್ರೆ ಡ್ರೈವರ್. ಡಬ್ಬ ವರ್ಷಗಟ್ಟಲೆ ಇರುತ್ತೆ.

ಈಗ ಮೊದಲನೇ ದೂರು, ಸೌಂಡೇ ಬರ್ತಿಲ್ಲ. ಹೋಮ್ ಥಿಯೇಟರ್ ರಿಸೀವರ್ ಹಿಂದೆ ‘ಸಬ್‌ವೂಫರ್ ಔಟ್’ ಅಂತ ಒಂದು ತೂತು ಇರುತ್ತಲ್ಲ, ಅದರಲ್ಲಿ ಬರೋದು ಬರೀ ಸಿಗ್ನಲ್. ಒಂದೆರಡು ವೋಲ್ಟ್, ಪವರ್ ಇಲ್ಲ. ಅದಕ್ಕೆ ನೇರವಾಗಿ ಪ್ಯಾಸಿವ್ ಸಬ್ ಸಿಕ್ಕಿಸಿದ್ರೆ ಕೋನ್ ಅಲ್ಲಾಡಲ್ಲ. ನಡುವೆ ಬೇರೆ ಆಂಪ್ಲಿಫೈಯರ್ ಬೇಕೇ ಬೇಕು. ಕೆಲವರು ಇದಕ್ಕೆ ಅಡ್ಡದಾರಿ ಹಿಡಿದು, ಮುಂದಿನ ಸ್ಪೀಕರ್‌ನ ವೈರ್‌ಗೇ ಸಬ್ ಅನ್ನೂ ಜೋಡಿಸ್ತಾರೆ. ಅದು ಬೇಡ. ಯಾಕೆ ಅಂತ ಹೇಳ್ತೀನಿ.

ಓಮ್ ಲೆಕ್ಕ ಮೊದಲು, ವಾಟ್ ಲೆಕ್ಕ ಆಮೇಲೆ

ಒಂದು ಆಂಪ್ 20 ವೋಲ್ಟ್ ಕೊಡ್ತಿದೆ ಅಂದ್ಕೊಳ್ಳಿ. 8 ಓಮ್ ಸ್ಪೀಕರ್‌ಗೆ ಅದು 50 ವಾಟ್. 4 ಓಮ್‌ಗೆ 100 ವಾಟ್. 2 ಓಮ್‌ಗೆ 200 ವಾಟ್, 10 ಆಂಪಿಯರ್ ಕರೆಂಟ್. ಓಮ್ ಕಡಿಮೆ ಆದಷ್ಟೂ ಆಂಪ್ ಮೇಲೆ ಹೊರೆ ಜಾಸ್ತಿ. 8 ಓಮ್ ಸ್ಪೀಕರ್ ಜೊತೆ 4 ಓಮ್ ಸಬ್ ಸೇರಿಸಿದ್ರೆ ರಿಸೀವರ್‌ಗೆ ಕಾಣೋದು ಸುಮಾರು 2.7 ಓಮ್. ಮನೆ ರಿಸೀವರ್‌ಗಳು ಸಾಮಾನ್ಯವಾಗಿ ಅಷ್ಟು ಕೆಳಗೆ ಹೋಗೋಕೆ ಮಾಡಿದ್ದಲ್ಲ. ಒಂದೋ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗುತ್ತೆ, ಇಲ್ಲಾ ಸುಟ್ಟು ಹೋಗುತ್ತೆ.

ಕಾರ್ ಸಬ್ ತಂದಿರೋರು ಇಲ್ಲಿ ಇನ್ನೂ ಹುಷಾರಾಗಿರಿ. ಅದರಲ್ಲಿ ಎರಡು ವಾಯ್ಸ್ ಕಾಯಿಲ್ ಇರೋದು ಉಂಟು. ಎರಡೂ 4 ಓಮ್ ಆಗಿದ್ರೆ, ಒಂದರ ಹಿಂದೆ ಒಂದು ಸೀರೀಸ್‌ನಲ್ಲಿ ಜೋಡಿಸಿದ್ರೆ 8 ಓಮ್, ಪ್ಯಾರಲಲ್‌ನಲ್ಲಿ ಜೋಡಿಸಿದ್ರೆ 2 ಓಮ್. ಮನೆ ಆಂಪ್‌ಗೆ ಸೀರೀಸ್ ಕ್ಷೇಮ. ಲೇಬಲ್ ಹರಿದು ಹೋಗಿದ್ರೆ ಮಲ್ಟಿಮೀಟರ್ ಇಡಿ. 8 ಓಮ್‌ನದ್ದು ಮೀಟರ್‌ನಲ್ಲಿ ಸುಮಾರು 6 ತೋರಿಸುತ್ತೆ, 4 ಓಮ್‌ನದ್ದು 3ರಿಂದ 3.5. ಸ್ವಲ್ಪ ಕಡಿಮೆ ತೋರಿಸೋದೇ ಸರಿ, ಗಾಬರಿ ಬೇಡ.

ಇನ್ನೊಂದು ಮಾತು. ಎರಡು ಚಾನೆಲ್ ಆಂಪ್ ಅನ್ನು ಬ್ರಿಡ್ಜ್ ಮಾಡಿದ್ರೆ ಪವರ್ ಜಾಸ್ತಿ ಬರುತ್ತೆ, ನಿಜ. ಆದರೆ ಪ್ರತಿ ಚಾನೆಲ್‌ಗೂ ಸಬ್‌ನ ಓಮ್ ಅರ್ಧ ಮಾತ್ರ ಕಾಣುತ್ತೆ. 4 ಓಮ್ ಸಬ್ ಆಗಿದ್ರೆ ಅದು 2 ಓಮ್ ಥರ. ಆಂಪ್‌ನ ಹಿಂದೆ ಬ್ರಿಡ್ಜ್‌ಗೆ ಕನಿಷ್ಠ ಎಷ್ಟು ಓಮ್ ಅಂತ ಬರೆದಿದೆಯೋ ಅದನ್ನ ಓದಿ.

ವಾಟ್ ವಿಷಯಕ್ಕೆ ಬರೋಣ. ನಮ್ಮಲ್ಲಿ ಒಂದು ಕಾಲದಲ್ಲಿ ಅಂಗೈಯಗಲದ ಸ್ಪೀಕರ್ ಮೇಲೂ ‘ಪಿಎಂಪಿಒ’ ಅಂತ ಸಾವಿರಾರು ವಾಟ್ ಬರೆದಿರ್ತಿದ್ರು. ಅದನ್ನ ಮರೆತುಬಿಡಿ. ಆರ್‌ಎಂಎಸ್ ಸಂಖ್ಯೆ ಒಂದೇ ನೋಡಿ. ಡಿಜೆ ಕ್ಯಾಬಿನೆಟ್ ಮೇಲೆ 1 ವಾಟ್‌ಗೆ, 1 ಮೀಟರ್ ದೂರದಲ್ಲಿ 95 ಡೆಸಿಬಲ್ ಅಂತ ಬರೆದಿದೆ ಅಂದ್ಕೊಳ್ಳಿ. 3 ಡೆಸಿಬಲ್ ಏರಿಸೋಕೆ ಪವರ್ ಎರಡರಷ್ಟು ಬೇಕು, 10 ಡೆಸಿಬಲ್‌ಗೆ ಹತ್ತರಷ್ಟು. ಹಾಗಾದ್ರೆ 10 ವಾಟ್‌ಗೆ 105, 100 ವಾಟ್‌ಗೆ 115 ಡೆಸಿಬಲ್. ತೀರಾ ಕೆಳಗಿನ ಸ್ವರಗಳಲ್ಲಿ ಇದು ಸ್ವಲ್ಪ ಇಳಿಯುತ್ತೆ, ಆದ್ರೂ ಹಾಲ್‌ನಲ್ಲಿ ಕೂತು ಸಿನಿಮಾ ನೋಡೋಕೆ 1000 ವಾಟ್ ಆಂಪ್ ಬೇಕಿಲ್ಲ. 200, 300 ವಾಟ್ ನಿಜವಾದ ಆರ್‌ಎಂಎಸ್ ಇದ್ರೆ ಧಾರಾಳ. ಕ್ಲಿಪ್ ಲೈಟ್ ಕೆಂಪಗಾದ್ರೆ ವಾಲ್ಯೂಮ್ ಇಳಿಸಿ. ಆಂಪ್ ತನ್ನ ಶಕ್ತಿ ಮೀರಿ ಒದ್ದಾಡ್ತಾ ಇದ್ರೆ ವಾಯ್ಸ್ ಕಾಯಿಲ್ ಕಾದು ಕಾದು ಸುಡುತ್ತೆ.

ಎರಡು ಫಿಲ್ಟರ್

ಮೊದಲನೇದು ಎಲ್ಲರಿಗೂ ಗೊತ್ತಿರೋದು. ಸಬ್‌ಗೆ ಕೆಳಗಿನ ಸ್ವರ ಮಾತ್ರ ಹೋಗಬೇಕು. ರಿಸೀವರ್ ಇದ್ರೆ ಸ್ಪೀಕರ್‌ಗಳನ್ನು ‘ಸ್ಮಾಲ್’ ಅಂತ ಇಟ್ಟು ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಹಾಕಿ. ಟಿಎಚ್‌ಎಕ್ಸ್ ಕೂಡ ಇದೇ ಸಂಖ್ಯೆ ಇಟ್ಟುಕೊಂಡಿದೆ. ಅದಕ್ಕಿಂತ ತುಂಬಾ ಮೇಲೆ ಹೋದ್ರೆ ಬೇಸ್ ಎಲ್ಲಿಂದ ಬರ್ತಿದೆ ಅಂತ ಕಿವಿಗೆ ಗೊತ್ತಾಗೋಕೆ ಶುರುವಾಗುತ್ತೆ. ಹೀರೋ ತೆರೆ ಮೇಲಿರ್ತಾನೆ, ಅವನ ಗಂಟಲು ಮೂಲೆಯಲ್ಲಿರುತ್ತೆ.

ರಿಸೀವರ್ ಇಲ್ಲದೆ ಸ್ಟೀರಿಯೋ ಆಂಪ್ ಮಾತ್ರ ಇರೋರು, ಆಂಪ್ ಆದ ಮೇಲೆ ಒಂದು ತಾಮ್ರದ ಕಾಯಿಲ್ ಹಾಕಿ ಫಿಲ್ಟರ್ ಮಾಡೋ ಯೋಚನೆ ಬಿಡಿ. 8 ಓಮ್‌ಗೆ 80 ಹರ್ಟ್ಸ್‌ನಲ್ಲಿ ಅದು ಸುಮಾರು 16 ಮಿಲಿಹೆನ್ರಿ ಆಗಬೇಕು. ದಪ್ಪ ತಂತಿಯ ದೊಡ್ಡ ಸುರುಳಿ, ದುಡ್ಡೂ ದಂಡ. ಅದರ ಬದಲು ಸಬ್ ಆಂಪ್‌ಗಿಂತ ಮುಂಚೆಯೇ ಒಂದು ಚಿಕ್ಕ ಡಿಎಸ್‌ಪಿ ಹಾಕಿ, ಅಥವಾ ಲೋ ಪಾಸ್ ಫಿಲ್ಟರ್ ಒಳಗೇ ಇರೋ ಆಂಪ್ ತಗೊಳ್ಳಿ.

ಎರಡನೇ ಫಿಲ್ಟರ್ ಬಗ್ಗೆ ಯಾರೂ ಹೇಳಲ್ಲ, ಡ್ರೈವರ್ ಸಾಯೋದು ಇಲ್ಲೇ. ನಿಮ್ಮ ಡಬ್ಬಕ್ಕೆ ಗಾಳಿ ಬಿಡೋ ತೂತು, ಅಂದ್ರೆ ಪೋರ್ಟ್ ಇದ್ರೆ, ಅದಕ್ಕೊಂದು ಟ್ಯೂನಿಂಗ್ ಇರುತ್ತೆ. ಡಿಜೆ ಕ್ಯಾಬಿನೆಟ್‌ಗಳಲ್ಲಿ ಅದು ಸಾಮಾನ್ಯವಾಗಿ 35ರಿಂದ 45 ಹರ್ಟ್ಸ್ ಆಸುಪಾಸು. ಅಲ್ಲಿವರೆಗೆ ಡಬ್ಬದ ಗಾಳಿ ಸ್ಪ್ರಿಂಗ್ ಥರ ಕೋನ್ ಅನ್ನು ಹಿಡಿದಿಟ್ಟಿರುತ್ತೆ. ಅದಕ್ಕಿಂತ ಕೆಳಗೆ ಆ ಹಿಡಿತ ಹೋಗುತ್ತೆ, ಕೋನ್ ಹುಚ್ಚಾಪಟ್ಟೆ ಹೊರಗೂ ಒಳಗೂ ಎಗರುತ್ತೆ, ಸೌಂಡ್ ಮಾತ್ರ ಬರಲ್ಲ. ಮದುವೆ ಮೆರವಣಿಗೆ ಹಾಡಲ್ಲಿ ಅಷ್ಟು ಕೆಳಗಿನ ಸ್ವರ ಅಪರೂಪ. ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ಕೆಳಗಿನ ಸ್ವರವೇ 41 ಹರ್ಟ್ಸ್. ಆದರೆ ಸಿನಿಮಾದ ಸ್ಫೋಟದಲ್ಲಿ 20 ಹರ್ಟ್ಸ್‌ವರೆಗೂ ಇರಬಹುದು. ಅದಕ್ಕೇ ಟ್ಯೂನಿಂಗ್‌ಗಿಂತ ಸ್ವಲ್ಪ ಕೆಳಗೆ ‘ಸಬ್‌ಸಾನಿಕ್’ ಅಥವಾ ‘ಹೈ ಪಾಸ್’ ಫಿಲ್ಟರ್ ಹಾಕಲೇಬೇಕು. ಪೂರ್ತಿ ಮುಚ್ಚಿದ ಡಬ್ಬ ಆದ್ರೆ ಈ ಭಯ ಕಡಿಮೆ.

ಜೋಡಿಸೋ ದಿನ

ಎಲ್ಲ ವಾಲ್ಯೂಮ್ ಸೊನ್ನೆಗೆ ಇಳಿಸಿ. ಪ್ಲಸ್ ಮೈನಸ್ ಅನುಮಾನ ಇದ್ರೆ, ಆಂಪ್‌ಗೆ ಕೊಡೋ ಮುಂಚೆಯೇ 1.5 ವೋಲ್ಟ್ ಪೆನ್ಸಿಲ್ ಸೆಲ್ ಅನ್ನು ಸಬ್‌ನ ಟರ್ಮಿನಲ್‌ಗೆ ಒಂದು ಕ್ಷಣ ಮುಟ್ಟಿಸಿ. ಕೋನ್ ಸ್ವಲ್ಪ ಹೊರಗೆ ಬಂದ್ರೆ ಸೆಲ್‌ನ ಪ್ಲಸ್ ಮುಟ್ಟಿದ್ದೇ ಸಬ್‌ನ ಪ್ಲಸ್.

ಆನ್ ಮಾಡಿದ ತಕ್ಷಣ ಹಮ್ ಬಂದ್ರೆ ಆಂಪ್ ಪ್ಲಗ್‌ನ ಮೂರನೇ ಪಿನ್, ಅಂದ್ರೆ ಅರ್ಥ್ ಪಿನ್ ಕತ್ತರಿಸೋ ಸಲಹೆ ಯಾರಾದ್ರೂ ಕೊಡ್ತಾರೆ. ದಯವಿಟ್ಟು ಕೇಳಬೇಡಿ. ಆಂಪ್ ಒಳಗೆ ಏನಾದ್ರೂ ಕೆಟ್ಟು ಲೋಹದ ಮೈಗೆ ಕರೆಂಟ್ ಬಂದ್ರೆ, ನಿಮಗೂ ಅದಕ್ಕೂ ಮಧ್ಯೆ ಇರೋ ರಕ್ಷಣೆ ಅದೇ ಪಿನ್. ಬದಲಿಗೆ ರಿಸೀವರ್, ಆಂಪ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿ. ಸೆಟ್ ಟಾಪ್ ಬಾಕ್ಸ್‌ನ ಕೇಬಲ್ ಬಿಚ್ಚಿ ನೋಡಿ. ಹಮ್ ನಿಂತ್ರೆ ಕಳ್ಳ ಅಲ್ಲೇ ಇದ್ದಾನೆ.

ರೂಮೇ ನಿಜವಾದ ಸಬ್‌ವೂಫರ್

ಈಗ ಎರಡನೇ ದೂರು, ಗುಂಯ್ ಅನ್ನೋದು. 40 ಹರ್ಟ್ಸ್ ಅಲೆಯ ಉದ್ದ ಸುಮಾರು 8.6 ಮೀಟರ್. ನಿಮ್ಮ ಹಾಲ್‌ಗಿಂತ ಅಲೆಯೇ ದೊಡ್ಡದು. ಅದು ಗೋಡೆಗೆ ಬಡಿದು ವಾಪಸ್ ಬಂದು, ಕೆಲವು ಕಡೆ ಕೂಡುತ್ತೆ, ಕೆಲವು ಕಡೆ ಕಳೆಯುತ್ತೆ. 15 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರದ ಹಾಲ್ ತಗೊಳ್ಳಿ. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್, ಅದನ್ನ ಉದ್ದದ ಎರಡರಷ್ಟರಿಂದ ಭಾಗಿಸಿ. ಉದ್ದಕ್ಕೆ 38 ಹರ್ಟ್ಸ್, ಅಗಲಕ್ಕೆ 47, ಎತ್ತರಕ್ಕೆ 56. ಈ ಮೂರು ಸ್ವರಗಳಲ್ಲಿ ನಿಮ್ಮ ರೂಮೇ ಹಾಡುತ್ತೆ. ಕೂರೋ ಜಾಗ ಉದ್ದದ ಸರಿಯಾಗಿ ನಡುವೆ ಇದ್ರೆ 38 ಹರ್ಟ್ಸ್ ಮಾಯ. ಸೋಫಾ ಹಿಂದಿನ ಗೋಡೆಗೆ ಅಂಟಿದ್ರೆ ಅದೇ ಸ್ವರ ವಿಪರೀತ.

ಹಾಗಾಗಿ ಜಾಗ ಹುಡುಕೋಕೆ ಒಂದು ಹಳೇ ಉಪಾಯ. ಸಬ್ ಅನ್ನು ನೀವು ಕೂರೋ ಜಾಗಕ್ಕೆ ತನ್ನಿ. ಬೇಸ್ ಗಿಟಾರ್ ಒಂದೊಂದೇ ಮೆಟ್ಟಿಲು ಏರಿ ಇಳಿಯೋ ಹಾಡು ಹಾಕಿ. ನೀವು ಗೋಡೆಯ ಪಕ್ಕ ಬಗ್ಗಿ ಅಂಬೆಗಾಲಿಟ್ಟು ಸುತ್ತಿ. ಎಲ್ಲಿ ಎಲ್ಲಾ ಸ್ವರ ಸಮವಾಗಿ ಕೇಳುತ್ತೋ ಅಲ್ಲಿ ಸಬ್ ಇಡಿ. ಮನೆಯವರು ನಗ್ತಾರೆ, ನಗಲಿ. ಮೂಲೆಯಲ್ಲಿಟ್ರೆ ಅತಿ ಹೆಚ್ಚು ಸೌಂಡ್ ಬರುತ್ತೆ, ಆದರೆ ಗುಂಯ್ ಕೂಡ ಅಲ್ಲೇ ಹೆಚ್ಚು.

ಆಮೇಲೆ 80 ಹರ್ಟ್ಸ್ ಟೋನ್ ಹಾಕಿ, ಸಬ್‌ನ ವೈರ್ ಒಮ್ಮೆ ನೇರ, ಒಮ್ಮೆ ಉಲ್ಟಾ ಕೊಟ್ಟು ನೋಡಿ. ವೈರ್ ಬದಲಿಸುವಾಗ ಆಂಪ್ ಆಫ್ ಇರಲಿ. ಕೂರೋ ಜಾಗದಲ್ಲಿ ಯಾವುದು ಜೋರಾಗಿ ಕೇಳುತ್ತೋ ಅದು ಸರಿ.

ಈಕ್ವಲೈಸರ್ ಕೊನೆಗೆ. ಉಬ್ಬಿದ ಸ್ವರವನ್ನು ತಗ್ಗಿಸಿ, ಮಾಯವಾದ ಸ್ವರವನ್ನು ಏರಿಸೋಕೆ ಹೋಗಬೇಡಿ. 6 ಡೆಸಿಬಲ್ ಏರಿಸಿದ್ರೆ ನಾಲ್ಕರಷ್ಟು ಪವರ್ ಬೇಕು, ರೂಮ್ ಅದನ್ನೂ ನುಂಗುತ್ತೆ. ಇನ್ನು ಮೊಟ್ಟೆ ಟ್ರೇ, ಪರದೆ, ತೆಳು ಫೋಮ್ ಇವು ಬೇಸ್ ಹೀರಲ್ಲ. 40 ಹರ್ಟ್ಸ್‌ನ ಕಾಲು ಅಲೆ ಅಂದ್ರೇನೇ 2 ಮೀಟರ್‌ಗಿಂತ ಜಾಸ್ತಿ.

ಫೋನ್ ಹೇಳೋದು, ಪಕ್ಕದ ಮನೆ ಕೇಳೋದು

ಮೂರನೇ ದೂರು. ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು 2000ನೇ ಇಸವಿಯವು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್. ಖಾಸಗಿ ಸೌಂಡ್ ಸಿಸ್ಟಮ್‌ನ ಶಬ್ದ ನಿಮ್ಮ ಜಾಗದ ಗಡಿಯಲ್ಲಿ ಇದಕ್ಕಿಂತ 5 ಡೆಸಿಬಲ್‌ಗಿಂತ ಹೆಚ್ಚು ಮೀರುವಂತಿಲ್ಲ.

ಆದರೆ ಈ ಅಳತೆ ‘ಎ’ ತೂಕದ್ದು. ಫೋನ್‌ನ ಸೌಂಡ್ ಮೀಟರ್ ಆಪ್‌ಗಳೂ ಸಾಮಾನ್ಯವಾಗಿ ಇದನ್ನೇ ತೋರಿಸೋದು. ‘ಎ’ ತೂಕದಲ್ಲಿ 50 ಹರ್ಟ್ಸ್ ಸ್ವರವನ್ನು 30 ಡೆಸಿಬಲ್ ಕಡಿಮೆ ಮಾಡಿ ಲೆಕ್ಕ ಹಾಕ್ತಾರೆ. ಅಂದ್ರೆ ರೂಮ್‌ನಲ್ಲಿ 50 ಹರ್ಟ್ಸ್ 90 ಡೆಸಿಬಲ್ ಇದ್ರೂ ಆಪ್ 60 ಅನ್ನಬಹುದು. ‘ಸಿ’ ಅಂತ ಆಯ್ಕೆ ಇದ್ರೆ ಅದಕ್ಕೆ ಬದಲಿಸಿ. ಫೋನ್ ಮೈಕ್‌ಗಳು ಕೆಳಗಿನ ಸ್ವರ ಸರಿಯಾಗಿ ಹಿಡಿಯೋದೂ ಕಷ್ಟ. ಸರಿಯಾಗಿ ಅಳೀಬೇಕಂದ್ರೆ ಯುಎಸ್‌ಬಿ ಅಳತೆ ಮೈಕ್, ಲ್ಯಾಪ್‌ಟಾಪ್‌ನಲ್ಲಿ ಉಚಿತವಾಗಿ ಸಿಗೋ ರೂಮ್ ಇಕ್ಯೂ ವಿಝಾರ್ಡ್ ಇದೆ.

ಇದರರ್ಥ ನಿಮಗೆ ಅರ್ಥ ಆಯ್ತಲ್ವಾ? ಮೀಟರ್ ಪ್ರಕಾರ ನೀವು ನಿಯಮದೊಳಗೇ ಇರಬಹುದು, ಕೆಳಗಿನ ಮನೆಯಲ್ಲಿ ಸ್ಟೀಲ್ ತಟ್ಟೆಗಳು ಅದುರ್ತಾ ಇರಬಹುದು. ಅಲ್ಲಿ ಮಗು ಮಲಗಿರಬಹುದು, ನೈಟ್ ಶಿಫ್ಟ್ ಮುಗಿಸಿ ಬಂದೋರು ಇರಬಹುದು. ಸಬ್ ಕೆಳಗೆ ರಬ್ಬರ್ ಪ್ಯಾಡ್ ಹಾಕಿದ್ರೆ ನೆಲದ ಮೂಲಕ ಹೋಗೋ ಅದುರು ಕಡಿಮೆಯಾಗುತ್ತೆ, ಗಾಳಿಯಲ್ಲಿ ಹೋಗೋ ಬೇಸ್ ನಿಲ್ಲಲ್ಲ.

ಅದಕ್ಕೇ ಸೆಟಪ್‌ನ ಕೊನೇ ಹೆಜ್ಜೆ ಇದು. ಒಂದು ಭಾನುವಾರ ಹಗಲು ಕೆಳಗಿನ ಮನೆ ಆಂಟಿಗೆ, ಮೇಲಿನ ಮನೆ ಅಂಕಲ್‌ಗೆ ಹೇಳಿ, ನೀವು ಸಾಮಾನ್ಯವಾಗಿ ಕೇಳೋ ವಾಲ್ಯೂಮ್‌ನಲ್ಲಿ ಕೆಜಿಎಫ್ ಫೈಟ್ ಸೀನ್ ಹಾಕಿಸಿ, ಅವರ ಮನೆಯೊಳಗೆ ಹೋಗಿ ನಿಂತು ಕೇಳಿ. ಅವರಿಗೆ ಸರಿ ಅನಿಸೋ ಮಟ್ಟವನ್ನು ಆಂಪ್‌ನ ಗುಂಡಿ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ರಾತ್ರಿಗೆ ರಿಸೀವರ್‌ನ ನೈಟ್ ಮೋಡ್ ಹಾಕಿ, ಸಬ್ ಲೆವೆಲ್ ಇಳಿಸಿ.

ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಸಬ್ ಎಷ್ಟು ಓಮ್, ಹಾಲ್ ಎಷ್ಟು ಅಡಿ ಅನ್ನೋದನ್ನೂ ಹೇಳಿ, ಆಗ ಲೆಕ್ಕ ಹಾಕಿ ಉತ್ತರ ಕೊಡೋಕೆ ಸುಲಭ. ಮುಂದಿನ ಸಂಚಿಕೆಯಲ್ಲಿ ಸಿಗೋಣ, ನಮಸ್ಕಾರ.