ಕಡಲ ನಡುವಣ ಉಕ್ಕಿನ ಊರು

ಮುಂಬಯಿಯ ದಡದಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರು ಸಾಗಿದರೆ, ನೆಲದ ಸುಳಿವೇ ಇಲ್ಲದ ನೀರಿನಲ್ಲಿ ಉಕ್ಕಿನ ಊರೊಂದು ಎದುರಾಗುತ್ತದೆ. ಅದೇ ಹಿಂದಿನ ಬಾಂಬೆ ಹೈ, ಇಂದಿನ ಮುಂಬಯಿ ಹೈ. 1974ರಲ್ಲಿ ‘ಸಾಗರ ಸಮ್ರಾಟ್’ ಎಂಬ, ಕಡಲತಳಕ್ಕೆ ಕಾಲೂರಿ ಕೊರೆಯುವ ನೌಕೆ ಅಲ್ಲಿ ಎಣ್ಣೆಯನ್ನು ಕಂಡಿತು; 1976ರಲ್ಲಿ ಉತ್ಪಾದನೆ ಮೊದಲಾಯಿತು.

ನೀರಿನ ಆಳ ಅಲ್ಲಿ ಸುಮಾರು 75 ಮೀಟರು. ಅಷ್ಟು ಆಳದಲ್ಲಿ ವೇದಿಕೆಯೊಂದು ನಿಲ್ಲುವುದಾದರೂ ಹೇಗೆ? ಕೊಳವೆಗಳನ್ನು ಹೆಣೆದು ಮಾಡಿದ ಗೋಪುರವೊಂದನ್ನು ದಡದಲ್ಲಿ ಮಲಗಿಸಿಯೇ ಕಟ್ಟುತ್ತಾರೆ. ದೋಣಿಯ ಮೇಲೆ ಹೇರಿ ಒಯ್ದು, ನೀರಿಗಿಳಿಸಿ ನೆಟ್ಟಗೆ ನಿಲ್ಲಿಸುತ್ತಾರೆ. ಅದರ ಟೊಳ್ಳು ಕಾಲುಗಳೊಳಗಿಂದ ಉಕ್ಕಿನ ಗೂಟಗಳನ್ನು ಕಡಲತಳಕ್ಕೆ ಹೊಡೆದಿಳಿಸುತ್ತಾರೆ. ಗೂಟಗಳಿಗೆ ಅಂಗಿ ತೊಡಿಸಿದಂತೆ ಕಾಣುವುದರಿಂದ ಇದಕ್ಕೆ ‘ಜಾಕೆಟ್’ ಎಂದೇ ಹೆಸರು. ಉಪ್ಪುನೀರು ಉಕ್ಕನ್ನು ತಿನ್ನದಿರಲೆಂದು ಅದಕ್ಕೆ ಅಲ್ಯೂಮಿನಿಯಮ್ಮಿನಂಥ ಲೋಹದ ಗಟ್ಟಿಗಳನ್ನು ಅಂಟಿಸಿರುತ್ತಾರೆ. ಉಕ್ಕಿನ ಬದಲಿಗೆ ತಾವು ಸವೆಯುವುದೇ ಅವುಗಳ ಕೆಲಸ.

ಜಾಕೆಟ್ಟಿನ ಮೇಲೆ ಅಂತಸ್ತುಗಳು. ಬಾವಿಯ ಬಾಯಲ್ಲಿ ಕವಾಟಗಳ ಗೊಂಚಲು. ಅದನ್ನು ‘ಕ್ರಿಸ್‌ಮಸ್ ಮರ’ ಎನ್ನುತ್ತಾರೆ. ಅಲಂಕಾರಪ್ರಿಯರು ಎಂಜಿನಿಯರರಲ್ಲಿಯೂ ಇದ್ದಾರೆ! ಮೇಲೆ ಬಂದದ್ದು ಎಣ್ಣೆ, ಅನಿಲ, ನೀರು ಮೂರೂ ಬೆರೆತ ದ್ರವ. ವಿಭಾಜಕವೆಂಬ ದೊಡ್ಡ ಹಂಡೆಯಲ್ಲಿ ಅದು ತಂಗಿದಾಗ ಅನಿಲ ಮೇಲೇರುತ್ತದೆ, ನೀರು ತಳ ಸೇರುತ್ತದೆ, ಎಣ್ಣೆ ನಡುವೆ ಉಳಿಯುತ್ತದೆ. ಬಳಸಲಾಗದ ಅನಿಲ ದೂರಕ್ಕೆ ಚಾಚಿದ ತೋಳಿನ ತುದಿಯಲ್ಲಿ ಉರಿಯುತ್ತದೆ. ವಸತಿ, ಹೆಲಿಕಾಪ್ಟರ್ ತಾಣ, ಕ್ರೇನುಗಳ ವಿವರ ಇಲ್ಲಿ ಬೇಡ.

ಹೇಳಲೇಬೇಕಾದದ್ದು ರೈಸರಿನ ವಿಷಯ. ಕಡಲತಳದಿಂದ ವೇದಿಕೆಗೆ ಲಂಬವಾಗಿ ಏರುವ ಕೊಳವೆ ಅದು. ನೋಟಕ್ಕೆ ಏನೂ ಅಲ್ಲ. ಆದರೆ ಒಳಗೆ ಒತ್ತಡದಲ್ಲಿರುವ ಅನಿಲ. ಮುಂಬಯಿ ಹೈ ಉತ್ತರ ಎಂಬ ವೇದಿಕೆಯಲ್ಲಿ ಇಂಥ ಕೆಲವು ರೈಸರುಗಳು ಜಾಕೆಟ್ಟಿನ ಹೊರಬದಿಯಲ್ಲಿದ್ದವು. ಹಡಗುಗಳು ಬಂದು ನಿಲ್ಲುವುದೂ ಹೊರಬದಿಯಲ್ಲಿಯೇ ಅಲ್ಲವೆ?

2005ರ ಜುಲೈ 27. ಮುಂಬಯಿಯನ್ನು ಮುಳುಗಿಸಿದ ಮಹಾಮಳೆಯ ಮರುದಿನ. ‘ಸಮುದ್ರ ಸುರಕ್ಷಾ’ ಎಂಬ ನೆರವಿನ ಹಡಗಿನಲ್ಲಿ ಅಡುಗೆಯವನೊಬ್ಬನ ಬೆರಳಿಗೆ ಗಾಯವಾಗಿತ್ತು. ಹವೆ ಕೆಟ್ಟು ಹೆಲಿಕಾಪ್ಟರು ಬರುವಂತಿರಲಿಲ್ಲ. ಅವನನ್ನು ಕ್ರೇನಿನಿಂದ ವೇದಿಕೆಗೆ ಎತ್ತಿಸಲೆಂದು ಹಡಗು ಸಮೀಪಿಸಿತು. ಉಬ್ಬರದ ಅಲೆಗಳಲ್ಲಿ ತೂಗಾಡಿ ರೈಸರಿಗೆ ಬಡಿಯಿತು. ಚಿಮ್ಮಿದ ಅನಿಲ ಹೊತ್ತಿಕೊಂಡಿತು. ಬೆಂಕಿ ಪಕ್ಕದ ರೈಸರುಗಳನ್ನೂ ಒಡೆಯಿತು. ಏಳು ಅಂತಸ್ತಿನ ವೇದಿಕೆ ಸುಮಾರು ಎರಡು ಗಂಟೆಗಳಲ್ಲಿ ಇಲ್ಲವಾಯಿತು. 22 ಮಂದಿ ಹೋದರು. 362 ಮಂದಿ ಉಳಿದರು.

ಉಳಿದವರಲ್ಲಿ ಆರು ಮಂದಿ ಮುಳುಗುಗಾರರೂ ಇದ್ದರು. ಆಳದ ಕೆಲಸಕ್ಕೆ ದೇಹವನ್ನು ಹೊಂದಿಸಲೆಂದು ಅವರು ಆ ಹಡಗಿನಲ್ಲಿಯೇ ಅಧಿಕ ಒತ್ತಡದ ಕೋಣೆಯಲ್ಲಿದ್ದರು. ಥಟ್ಟನೆ ಬಾಗಿಲು ತೆರೆದರೆ ಪ್ರಾಣಕ್ಕೇ ಅಪಾಯ. ಹಡಗು ಉರಿಯುತ್ತಿದ್ದಾಗಲೂ ಅವರು ಒಳಗೇ ಇರಬೇಕಾಯಿತು. ಸುಮಾರು 36 ಗಂಟೆಗಳ ಮೇಲೆ ಅವರನ್ನು ಹೊರತಂದರು. ಹಡಗು ಆಗಸ್ಟ್ 1ರಂದು ಮುಳುಗಿತು.