ಮಹಾಮಾರಿಯೂ ಬಸುರಿಯೂ
(ನಿಡಗುಂದಿಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮಹಾಮಾರಿಯೆಂದೊಡನೆ ನಮಗೆ ಪ್ಲೇಗು ನೆನಪಾಗುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಆ ಬೇನೆಯು ಎರಡು ವರ್ಷಗಳೊಳಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿತು. ಜನರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿ ಜೀವ ಉಳಿಸಿಕೊಂಡರು. ಆದರೆ ಊರು ಬಿಟ್ಟರೂ ಬಿಡದ ಬೇನೆ 1918ರಲ್ಲಿ ಬಂದಿತು. ಅದು ಇನ್‌ಫ್ಲುಯೆಂಜಾ.

ಜೂನ್ ತಿಂಗಳಲ್ಲಿ ಮುಂಬಯಿ ಬಂದರದಲ್ಲಿ ಅದು ಮೊದಲು ತೋರಿತು. ಸೆಪ್ಟೆಂಬರ್, ಅಕ್ಟೋಬರಗಳಲ್ಲಿ ಮರಳಿ ಬಂದಾಗ ಅದರ ರೂಪವೇ ಬೇರೆಯಾಗಿತ್ತು. ಮಳೆಯೂ ಹೋಗಿತ್ತು, ಕಾಳು ತುಟ್ಟಿಯಾಗಿತ್ತು. ನಮ್ಮ ವಿಜಾಪುರ ಸೀಮೆ ಆಗ ಸೇರಿದ್ದ ಮುಂಬಯಿ ಇಲಾಖೆಯೊಂದರಲ್ಲಿಯೇ ಹತ್ತು ಲಕ್ಷಕ್ಕೂ ಮಿಕ್ಕಿ ಜನರು ಮಡಿದರು. ಮುದುಕರನ್ನೂ ಕೂಸುಗಳನ್ನೂ ಒಯ್ಯುವುದು ಸಾಮಾನ್ಯ ಜ್ವರದ ರೀತಿ. ಇದಾದರೋ ಇಪ್ಪತ್ತರಿಂದ ನಾಲ್ವತ್ತರ ಹರೆಯದವರನ್ನು ಆರಿಸಿಕೊಂಡಿತು. ಹಿಂದುಸ್ಥಾನದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾಗಿ ಸತ್ತರು. ಆ ವಯಸ್ಸಿನ ಹೆಂಗಸರೆಂದರೆ ಯಾರು? ಬಸುರಿಯರು, ಬಾಣಂತಿಯರು, ಉಳಿದವರಿಗೆ ಶುಶ್ರೂಷೆ ಮಾಡುತ್ತಿದ್ದವರು.

1919ರಲ್ಲಿ ಅಮೇರಿಕೆಯ ಡಾಕ್ಟರ ಹ್ಯಾರಿಸ್ ಎಂಬುವರು ಈ ಬೇನೆ ತಗುಲಿದ 1,350 ಗರ್ಭಿಣಿಯರ ಲೆಕ್ಕವನ್ನು ಪ್ರಕಟಿಸಿದರು. ಸುಮಾರು ಅರ್ಧದಷ್ಟು ಜನರಿಗೆ ನ್ಯುಮೋನಿಯಾ ಆಯಿತು. ಹಾಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸತ್ತರು. ಕಾರಣವು ಶರೀರದಲ್ಲಿಯೇ ಇದೆ. ಗರ್ಭವು ಬೆಳೆದಂತೆ ಪುಪ್ಪುಸಗಳಿಗೆ ಇಂಬು ಸಾಲದು, ಆದರೆ ಪ್ರಾಣವಾಯು ಹೆಚ್ಚು ಬೇಕು. ಕೂಸನ್ನು ಪರಕೀಯವೆಂದು ಹೊರಗಟ್ಟದಂತೆ ದೇಹದ ರಕ್ಷಣಶಕ್ತಿಯೂ ತನ್ನ ರೀತಿಯನ್ನು ಬದಲಿಸಿಕೊಂಡಿರುತ್ತದೆ.

ಅಮೇರಿಕೆಯ ಲೆಕ್ಕ ಸಿಕ್ಕಿತು, ನಮ್ಮದೆಲ್ಲಿ? ವಕೀಲನಾದ ನನಗೆ ದಫ್ತರದ ಮೇಲೆ ಕಣ್ಣು. ಊರಿನ ಮರಣದ ಪುಸ್ತಕದಲ್ಲಿ ಕಾಲರಾ, ಸಿಡುಬು, ಪ್ಲೇಗು, ಜ್ವರ ಎಂದು ಬೇರೆ ಬೇರೆ ಅಂಕಣಗಳಿದ್ದವು. ಇನ್‌ಫ್ಲುಯೆಂಜಾದಿಂದ ಸತ್ತವರು ಬಹುಮಟ್ಟಿಗೆ ‘ಜ್ವರ’ದಲ್ಲಿ ಸೇರಿಹೋದರು. ಸತ್ತವಳು ಬಸುರಿಯಿದ್ದಳೆಂಬ ಮಾತಿಗೆ ಅಂಕಣವೇ ಇರಲಿಲ್ಲ. ಮೇಲಾಗಿ ಕನ್ನಡಿಗರ ಸಾವು ಮುಂಬಯಿ, ಮದರಾಸು, ಮೈಸೂರು, ನಿಜಾಮ, ಕೊಡಗು ಎಂದು ಐದು ಸರಕಾರಗಳ ಕಾಗದಗಳಲ್ಲಿ ಹಂಚಿಹೋಯಿತು. ಒಂದು ಜನಾಂಗವು ತನ್ನ ಸತ್ತ ತಾಯಂದಿರನ್ನು ಎಣಿಸಲೂ ಆರದೆ ಹೋದದ್ದು ನಾಡು ಹರಿದು ಹಂಚಿದ್ದರ ಫಲ. 1956ರ ನವೆಂಬರ್ 1ರಂದು ಆ ಕೊರತೆ ನೀಗಿತು.

ಗರ್ಭಿಣಿಯನ್ನು ಕಾಡುವ ಬೇನೆ ಇದೊಂದೇ ಅಲ್ಲ. ಹೊಲಸು ನೀರಿನಿಂದ ಹರಡುವ ಒಂದು ಬಗೆಯ ಕಾಮಾಲೆ, ಹೆಪಟೈಟಿಸ್ ಇ, ಕಡೆಯ ಮೂರು ತಿಂಗಳಲ್ಲಿ ತಗುಲಿದರೆ ಕೆಲವು ಹಾವಳಿಗಳಲ್ಲಿ ನಾಲ್ವರಲ್ಲಿ ಒಬ್ಬಳನ್ನು ಒಯ್ದದ್ದುಂಟು. ಕೃಷ್ಣೆಯ ದಂಡೆಯಲ್ಲಿರುವ ನಾವು ನೀರು ತುಂಬಿದೆಯೆಂದು ಹಿಗ್ಗುತ್ತೇವೆ. ಕಾಸಿ ಕುಡಿಯಲು ಬೇಸರಿಸುತ್ತೇವೆ!

ಇನ್ನು ಕೋವಿಡ್. 2021ರ ಜುಲೈ 2ರಂದು ಕೇಂದ್ರ ಸರಕಾರವು ಬಸುರಿಯರೂ ಲಸಿಕೆ ಹಾಕಿಸಿಕೊಳ್ಳಬಹುದೆಂದು ಸಾರಿತು. ಅದಕ್ಕೂ ಮೊದಲೇ ಎರಡನೆಯ ಅಲೆ ಹರಿದುಹೋಗಿತ್ತು. ಆಮೇಲೂ ಎಷ್ಟೋ ಮನೆಗಳಲ್ಲಿ ‘ಕೂಸಿಗೆ ಏನಾದರೂ ಆದೀತು’ ಎಂದು ತಡೆದರು. ಕೂಸಿನ ಮೇಲಣ ಅಕ್ಕರೆಯಿಂದಲೇ ತಾಯಿಯನ್ನು ಬಯಲಿಗಿಟ್ಟಂತಾಯಿತು. ಕನ್ನಡ ತಾಯಿಗೆ ಜಯಘೋಷ ಮಾಡುವ ನಾವು, ಮನೆಯ ಬಸುರಿಗೆ ಜ್ವರ ಬಂದರೆ ಕಷಾಯ ಕೊಟ್ಟು ಮೂರು ದಿನ ಕಾಯುವುದೇಕೆ? ಇನ್‌ಫ್ಲುಯೆಂಜಾಕ್ಕೆ ಈಗ ಔಷಧವಿದೆ. ಅದು ಮೊದಲ ಎರಡು ದಿನಗಳಲ್ಲಿಯೇ ಹೆಚ್ಚು ಗುಣ ಕೊಡುತ್ತದೆ.

ಶಾಲೆಯ ಮಾಸ್ತರರಲ್ಲಿ ನನ್ನ ವಿನಂತಿಯಿಷ್ಟೇ. ಪಾಲಕರ ಸಭೆಯಲ್ಲಿ ಈ ಎರಡು ದಿನದ ಮಾತನ್ನು ಹೇಳಿರಿ. ಕುಬುಸದ ಊಟಕ್ಕೆ ಊರೆಲ್ಲ ಕರೆಯುವ ಹಿರಿಯರು, ಅದಕ್ಕೂ ಮುಂಚೆ ಸೊಸೆಯ ಹೆಸರನ್ನು ಆಶಾ ಕಾರ್ಯಕರ್ತೆಯ ಕಡೆ ಬರೆಸಲಿ.