ಮನೆ ಕಸುಬಿನ ಮಾರಾಟಕ್ಕೂ ಬೇಕು ಮುಯ್ಯಿ

(ತೇರಗಾಂವದ ಸ್ವಸಹಾಯ ಸಂಘಗಳ ಮಹಿಳೆಯರಿಗಾಗಿ ನೀಡಿದ ಭಾಷಣದ ಪಠ್ಯ)



ಹಳಿಯಾಳ ತಾಲೂಕಿನಲ್ಲಿ ಕೂರಿಗೆಯಿಂದ ಬಿತ್ತಿದ ಭತ್ತದಲ್ಲಿ ಕಳೆ ಎದ್ದಾಗ ಮುಯ್ಯಿಯ ನೆನಪು ಬಾರದ ಮನೆ ಕಡಿಮೆ. ಇಂದು ಇವರ ಹೊಲ, ನಾಳೆ ಅವರ ಹೊಲ. ಅಲ್ಲಿ ಕೂಲಿಯ ಮಾತಿಲ್ಲ, ಕಾಗದ ಪತ್ರವಿಲ್ಲ. ಆದರೂ ಯಾರು ಎಷ್ಟು ಆಳು ಕೊಟ್ಟರು, ಯಾರಿಂದ ಎಷ್ಟು ಬರಬೇಕು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಮುಯ್ಯಾಳಾಗಿ ಬಂದವರು ತಮ್ಮ ಹೊಲದಲ್ಲಿ ದುಡಿದಷ್ಟೇ ನಿಗಾ ಇಟ್ಟು ದುಡಿಯುತ್ತಾರೆ. ಮುಂದಿನ ವಾರ ಅವೇ ಕೈಗಳು ತಮ್ಮ ಹೊಲಕ್ಕೂ ಬರಬೇಕಲ್ಲ! ಈ ಪದ್ಧತಿಯನ್ನು ಕೈಕಸುಬಿನ ವಸ್ತುಗಳ ಮಾರಾಟಕ್ಕೆ ಅನ್ವಯಿಸುವುದು ಹೇಗೆ, ಅನ್ವಯಿಸಿದ ಮೇಲೆ ಅದು ಆರು ತಿಂಗಳಲ್ಲಿ ಸೊರಗದಂತೆ ನೋಡಿಕೊಳ್ಳುವುದು ಹೇಗೆ ಎಂಬುದೇ ಇಂದಿನ ವಿಷಯ.

ಈ ಭಾಗದ ಹೆಣ್ಣುಮಕ್ಕಳ ಕೈಯಲ್ಲಿರುವ ಕಸುಬುಗಳಲ್ಲಿ ಕೌದಿಗೆ ಮೊದಲ ಸ್ಥಾನ. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳ ತುಂಡುಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಹೊಲಿಯುವ ಕೌದಿ ಉತ್ತರ ಕರ್ನಾಟಕದ ಮನೆಮನೆಯಲ್ಲೂ ಉಂಟು. ಆದರೆ ಹಳಿಯಾಳ, ಮುಂಡಗೋಡ, ಯಲ್ಲಾಪುರ ತಾಲೂಕುಗಳ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಯ ರೀತಿಯೇ ಬೇರೆ. ಅವರು ಅಂಚಿನ ಒಂದು ಮೂಲೆಯಿಂದ ಹೊಲಿಗೆ ಆರಂಭಿಸಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ಮಡಚಿ ಮುಕ್ಕೋನಾಕಾರದ 'ಫೂಲ'ಗಳನ್ನು ಕೂಡಿಸುತ್ತಾರೆ. ಫೂಲಗಳಿಲ್ಲದ ಕೌದಿ ಅವರ ದೃಷ್ಟಿಯಲ್ಲಿ ಅಪೂರ್ಣ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಅವರು 2004 ರ ಸುಮಾರಿನಿಂದ ಈ ಊರುಗಳಲ್ಲಿ ಓಡಾಡಿ ಈ ಕೌದಿಗಳನ್ನು ದಾಖಲಿಸಿದರು. ಹೊಲಿಯುವ ಮಹಿಳೆಯರ ಸಹಕಾರಿ ಕೂಟವೊಂದು ರೂಪುಗೊಳ್ಳಲು ನೆರವಾದರು. 2011 ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಸಿದ್ದಿ ಕೌದಿಗಳ ಪ್ರದರ್ಶನವೂ ನಡೆಯಿತು.

ಮಳೆಗಾಲದ ಚಳಿಗೆಂದು ಹೊಲಿದ ಹೊದಿಕೆ ಸಮುದ್ರ ದಾಟಿತೆಂಬುದು ಹೆಮ್ಮೆಯ ಸಂಗತಿಯೇ ಸರಿ. ಆದರೆ ಪ್ರದರ್ಶನಗಳು ವರ್ಷವಿಡೀ ನಡೆಯುವುದಿಲ್ಲ. ಸರಸ್ ಮೇಳ, ಜಾತ್ರೆ, ಕೃಷಿ ಮೇಳಗಳೂ ಕೆಲವೇ ದಿನಗಳವು. ಉಳಿದ ಹನ್ನೊಂದು ತಿಂಗಳು ಕೌದಿ ಪೆಟ್ಟಿಗೆಯಲ್ಲಿ ಮಡಚಿ ಬಿದ್ದಿರುತ್ತದೆ. ಇಂದು ಈ ಹನ್ನೊಂದು ತಿಂಗಳ ಪೇಟೆ ಮೊಬೈಲಿನಲ್ಲಿದೆ.

ಮೊಬೈಲಿನ ಪೇಟೆಯಲ್ಲಿ ಒಬ್ಬೊಬ್ಬರೇ ನಿಂತರೆ

ವಾಟ್ಸಾಪಿನ ವಿಷಯವನ್ನೇ ತೆಗೆದುಕೊಳ್ಳಬಹುದು. ಅಲ್ಲಿ 'ಸ್ಟೇಟಸ್' ಎಂದು ಹಾಕಿದ ಚಿತ್ರ 24 ತಾಸುಗಳಲ್ಲಿ ತಾನಾಗಿಯೇ ಅಳಿಸಿಹೋಗುತ್ತದೆ. 'ಬ್ರಾಡ್‌ಕಾಸ್ಟ್' ಎಂಬ ಸೌಲಭ್ಯದಲ್ಲಿ ಒಂದು ಪಟ್ಟಿಗೆ 256 ಜನರವರೆಗೆ ಒಮ್ಮೆಲೇ ಸಂದೇಶ ಕಳುಹಿಸಬಹುದಾದರೂ, ಕಳುಹಿಸುವವರ ನಂಬರನ್ನು ತಮ್ಮ ಮೊಬೈಲಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ತೇರಗಾಂವದ ಒಬ್ಬ ಮಹಿಳೆಯ ನಂಬರು ಯಾರ ಬಳಿ ಇದ್ದೀತು? ತವರಿನವರು, ಬೀಗರು, ಸಂಘದ ನಾಲ್ಕು ಜನ. ಅವರೆಲ್ಲರ ಮನೆಯಲ್ಲೂ ಕೌದಿ ಇದೆ! ಕೊಳ್ಳಬೇಕಾದವರು ಧಾರವಾಡ, ಬೆಳಗಾವಿ, ಬೆಂಗಳೂರುಗಳಲ್ಲಿದ್ದಾರೆ. ಅವರ ನಂಬರು ಇವರಲ್ಲಿಲ್ಲ, ಇವರ ನಂಬರು ಅವರಲ್ಲಿಲ್ಲ.

ಆದರೆ ಹತ್ತು ಮಹಿಳೆಯರು ಕೂಡಿದರೆ ಚಿತ್ರ ಬದಲಾಗುತ್ತದೆ. ಒಬ್ಬರ ಮಗ ಹುಬ್ಬಳ್ಳಿಯಲ್ಲಿ ನೌಕರಿಯಲ್ಲಿರುತ್ತಾನೆ, ಇನ್ನೊಬ್ಬರಿಗೆ ಶಾಲೆಯ ಗುರುಗಳ ಪರಿಚಯವಿರುತ್ತದೆ, ಮತ್ತೊಬ್ಬರು ಹಪ್ಪಳ ಮಾರಿ ಮೂವತ್ತು ಗಿರಾಕಿಗಳನ್ನು ಗಳಿಸಿರುತ್ತಾರೆ. ಹಪ್ಪಳದ ಗಿರಾಕಿಗೆ ಕೌದಿಯ ಸುದ್ದಿ, ಕೌದಿ ಕೊಂಡವರಿಗೆ ಬಿದಿರು ಬುಟ್ಟಿಯ ಸುದ್ದಿ ಮುಟ್ಟಬೇಕು. ಒಬ್ಬರು ಇನ್ನೊಬ್ಬರ ಮಾಲಿನ ಸುದ್ದಿ ಮುಟ್ಟಿಸುವುದೇ ಮಾರಾಟದ ಮುಯ್ಯಿ.

ಇದು ಕೇವಲ ಕಲ್ಪನೆಯಲ್ಲ. 2021 ರಲ್ಲಿ ಬಾಳೆಕಾಯಿಗೆ ಬೆಲೆ ಇಲ್ಲದೆ ರೈತರು ಕೈಚೆಲ್ಲಿ ಕುಳಿತಾಗ ಪುತ್ತೂರಿನ 'ಅಡಿಕೆ ಪತ್ರಿಕೆ' ಬಳಗವು ಬಾಳೆಕಾಯಿ ಹುಡಿ ಮಾಡುವ ಆಂದೋಲನ ಆರಂಭಿಸಿತು. ಅದಕ್ಕೆ 'ಬಾಕಾಹು' ಎಂಬ ಚುಟುಕು ಹೆಸರೂ ಬಂತು. ಉತ್ತರ ಕನ್ನಡದ ಗೃಹಿಣಿಯರು ಕಾಯಿ ಹೆಚ್ಚಿ ಒಣಗಿಸಿ ಹುಡಿ ಮಾಡಿದ್ದಲ್ಲದೆ, ರೊಟ್ಟಿ, ತಿಂಡಿಗಳನ್ನು ಮಾಡಿ ಚಿತ್ರಗಳನ್ನು ವಾಟ್ಸಾಪಿನಲ್ಲಿ ಹಂಚಿದರು. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮಾಡಿ ನೋಡಿ, ಸರಿಯಾಯಿತು ಎಂದು ಮತ್ತೆ ಹಂಚಿದರು. ಸುದ್ದಿ ಹಬ್ಬಿದ್ದು ಈ ಎರಡನೆಯ ಮಾತಿನಿಂದ. ತಯಾರಿಸಿದವರೇ ತಮ್ಮ ಸರಕನ್ನು ಹೊಗಳಿದರೆ ಕೇಳುವವರು ಅರ್ಧ ನಂಬುತ್ತಾರೆ, ನೆರೆಯವರು ಹೇಳಿದರೆ ಪೂರ್ತಿ ನಂಬುತ್ತಾರೆ.

ಮುಯ್ಯಿ ಮುರಿಯುವುದೆಲ್ಲಿ?

ಇಂಥ ಗುಂಪುಗಳು ಉತ್ಸಾಹದಿಂದ ಆರಂಭವಾಗಿ, ಕೆಲವು ತಿಂಗಳ ನಂತರ ಸದ್ದಿಲ್ಲದೆ ನಿಂತುಹೋಗುವುದೇ ಹೆಚ್ಚು. ಮೊದಲ ತಿಂಗಳು ಎಲ್ಲರೂ ಎಲ್ಲರ ಚಿತ್ರಗಳನ್ನು ಹಂಚುತ್ತಾರೆ. ಎರಡನೆಯ ತಿಂಗಳು ತಮ್ಮ ಚಿತ್ರವನ್ನಷ್ಟೇ ಹಾಕುತ್ತಾರೆ. ಮೂರನೆಯ ತಿಂಗಳಿಗೆ ಶುಭೋದಯದ ಹೂವುಗಳು, ದೇವರ ಪಟಗಳು ಮಾತ್ರ ಉಳಿಯುತ್ತವೆ. ಗುಂಪು ಇದ್ದೇ ಇರುತ್ತದೆ, ಮುಯ್ಯಿ ಹೋಗಿರುತ್ತದೆ. ಹೊಲದ ಮುಯ್ಯಿಯಲ್ಲಿ ಬಾರದವರು ಯಾರೆಂಬುದು ಬದುವಿನ ಮೇಲೆ ನಿಂತರೆ ಕಾಣುತ್ತದೆ. ಮೊಬೈಲಿನಲ್ಲಿ ಯಾರು ಹಂಚಿದರು, ಯಾರು ಹಂಚಲಿಲ್ಲ ಎಂಬುದು ಕಾಣುವುದಿಲ್ಲ. ಅನೇಕ ಮನಸ್ತಾಪಗಳ ಬೇರು ಇಲ್ಲಿಯೇ ಇದೆ.

ಇದಕ್ಕೆ ಸುಲಭವಾದ ಉಪಾಯವೆಂದರೆ ಪಾಳಿ. ಗುಂಪಿನಲ್ಲಿ ಎಂಟರಿಂದ ಹನ್ನೆರಡು ಜನರಿಗಿಂತ ಹೆಚ್ಚು ಇರಬಾರದು. ವಾರಕ್ಕೆ ಇಬ್ಬರ ಪಾಳಿ. ಆ ವಾರ ಉಳಿದವರೆಲ್ಲರೂ ಆ ಇಬ್ಬರ ಸರಕಿನ ಸುದ್ದಿಯನ್ನು ತಮ್ಮ ಪರಿಚಯದವರಿಗೆ ಮುಟ್ಟಿಸಬೇಕು. ಹತ್ತು ಜನರಿದ್ದರೆ ಐದು ವಾರಕ್ಕೊಮ್ಮೆ ಪ್ರತಿಯೊಬ್ಬರ ಸರದಿ ಬರುತ್ತದೆ. ಪ್ರತಿದಿನ ಹತ್ತೂ ಜನರ ಚಿತ್ರಗಳನ್ನು ಕಳುಹಿಸಿದರೆ ನೋಡುವವರಿಗೆ ಬೇಸರ ಬಂದು ನಂಬರನ್ನೇ ಬಂದ್ ಮಾಡುತ್ತಾರೆ. ವಾರಕ್ಕೆ ಎರಡು ವಸ್ತು ಬಂದರೆ ಕಣ್ಣಿಟ್ಟು ನೋಡುತ್ತಾರೆ. ಯಾರ ಪಾಳಿಯಲ್ಲಿ ಯಾರು ಯಾರಿಗೆ ತಿಳಿಸಿದರು, ಯಾವ ಗಿರಾಕಿ ಯಾರ ಮಾತಿನಿಂದ ಬಂದರು ಎಂಬುದನ್ನು ಸಂಘದ ಉಳಿತಾಯದ ಸಭೆಯಲ್ಲಿಯೇ ಒಂದು ನೋಟಬುಕ್ಕಿನಲ್ಲಿ ಬರೆದಿಡಬೇಕು. ಉಳಿತಾಯದ ಲೆಕ್ಕ ಇಡುವವರಿಗೆ ಇದೇನೂ ಹೊಸ ವಿದ್ಯೆಯಲ್ಲ.

ಲೆಕ್ಕ ಇಡುವುದೆಂದರೆ ಕಾಳು ಕಾಳನ್ನು ಎಣಿಸುವುದಲ್ಲ. ಒಬ್ಬರಿಂದ ಮೂರು ಗಿರಾಕಿ ಬಂದಿರಬಹುದು, ಇನ್ನೊಬ್ಬರಿಂದ ಒಬ್ಬರೂ ಬಾರದಿರಬಹುದು. ಬಾಣಂತಿ ಇರುವ ಮನೆಯವರಿಂದ ಆ ಮೂರು ತಿಂಗಳು ಏನನ್ನೂ ಕೇಳುವಂತಿಲ್ಲ. ಹೊಲದ ಮುಯ್ಯಿಯಲ್ಲಿ ಕೂಡ ಮುದುಕಿಯ ಒಂದು ದಿನವೂ ಒಂದು ದಿನವೇ, ಹರೆಯದವಳ ಒಂದು ದಿನವೂ ಒಂದು ದಿನವೇ. ಪ್ರಯತ್ನವನ್ನು ಎಣಿಸಬೇಕೇ ಹೊರತು ಫಲವನ್ನಲ್ಲ. ಫಲವನ್ನು ಎಣಿಸತೊಡಗಿದ ಗುಂಪು ಬೇಗ ಒಡೆಯುತ್ತದೆ.

ಎಲ್ಲರೂ ಒಂದೇ ಸರಕು ಮಾಡುತ್ತಿದ್ದರೆ ಕಷ್ಟ ಇನ್ನೂ ಹೆಚ್ಚು. ಹತ್ತು ಜನರೂ ಕೌದಿಯನ್ನೇ ಹೊಲಿಯುತ್ತಿದ್ದರೆ ಪಕ್ಕದವರ ಗಿರಾಕಿ ತನ್ನ ಕೈತಪ್ಪಿದ ಗಿರಾಕಿ ಎನಿಸುವುದು ಸಹಜ. ಆದ್ದರಿಂದ ಗುಂಪು ಕಟ್ಟುವಾಗಲೇ ಕೌದಿಯವರು, ಬಿದಿರಿನ ಕೆಲಸದವರು, ಕಸೂತಿಯವರು, ಹಪ್ಪಳ ಉಪ್ಪಿನಕಾಯಿಯವರು ಕೂಡಿರುವಂತೆ ನೋಡಿಕೊಳ್ಳುವುದು ಉತ್ತಮ. (ಬಿದಿರಿನವರಿಗೆ ಒಂದು ಮಾತು: 2017 ರ ತಿದ್ದುಪಡಿಯ ಪ್ರಕಾರ ಅರಣ್ಯದ ಹೊರಗೆ ಬೆಳೆದ ಬಿದಿರು ಭಾರತೀಯ ಅರಣ್ಯ ಕಾಯಿದೆಯಲ್ಲಿ ಮರವೆಂದು ಪರಿಗಣಿತವಾಗುವುದಿಲ್ಲ, ಹೊಲದ ಬದುವಿನಲ್ಲಿ ಬಿದಿರು ಬೆಳೆಸಿಕೊಳ್ಳಲು ಇದು ಅನುಕೂಲ.) ಕೌದಿಯವರೇ ಮೂವರು ಇದ್ದರೆ ಒಬ್ಬರು ತೊಟ್ಟಿಲ ಕೌದಿ, ಒಬ್ಬರು ದೊಡ್ಡ ಹಾಸುಗೆಯದು, ಒಬ್ಬರು ದಿಂಬಿನ ಚೀಲ, ಕೈಚೀಲ ಎಂದು ಹಂಚಿಕೊಳ್ಳಬಹುದು. ಸಿದ್ದಿ ಕೌದಿಗಳ ಅನುಭವವನ್ನು ಗಮನಿಸಬೇಕು. ಅಲ್ಲಿ ಒಬ್ಬರ ಕೈ ಇನ್ನೊಬ್ಬರ ಕೈಯಂತಿಲ್ಲ. ಬಣ್ಣ ಕೂಡಿಸುವ ರೀತಿ, ತುಂಡುಗಳ ಅಳತೆ ಬೇರೆ ಬೇರೆ. ಕೌದಿಯ ಜೊತೆ ಹೊಲಿದವರ ಹೆಸರನ್ನೂ ಹೇಳಿದರೆ ಗಿರಾಕಿಗೆ ಈ ಭೇದ ತಿಳಿಯುತ್ತದೆ, ಪೈಪೋಟಿಯೂ ತಗ್ಗುತ್ತದೆ.

ಒಬ್ಬರಿಗೇ ಎರಡು ಮೂರು ಬೇಡಿಕೆ ಒಮ್ಮೆಲೇ ಬಂದರೆ? ಕೈಯಿಂದ ಹೊಲಿಯುವ ಕೌದಿಯನ್ನು ಅವಸರದಲ್ಲಿ ಮುಗಿಸಲಾಗದು. ಗಿರಾಕಿಯನ್ನು ಮೂರು ತಿಂಗಳು ಕಾಯಿಸಿ ಕಳೆದುಕೊಳ್ಳುವುದಕ್ಕಿಂತ ಎರಡನೆಯ ಬೇಡಿಕೆಯನ್ನು ಗುಂಪಿನ ಇನ್ನೊಬ್ಬರಿಗೆ ದಾಟಿಸಬೇಕು. ಹಾಗೆ ದಾಟಿಸುವಾಗ "ಇದು ಇಂಥವರು ಹೊಲಿಯುವುದು" ಎಂದು ಗಿರಾಕಿಗೆ ಮೊದಲೇ ತಿಳಿಸಬೇಕು. ಮುಚ್ಚಿಟ್ಟು ಬೇರೆಯವರ ಕೆಲಸವನ್ನು ತನ್ನದೆಂದು ಕಳುಹಿಸಿದರೆ, ಒಮ್ಮೆ ಬಯಲಾದ ಮೇಲೆ ಇಬ್ಬರ ಗಿರಾಕಿಯೂ ಹೋಗುತ್ತದೆ. ಇನ್ನೊಬ್ಬರು ತೆಗೆದ ಚಿತ್ರವನ್ನು ಕೇಳದೆ ತನ್ನ ಸರಕಿನದೆಂದು ಹಾಕುವುದೂ ಇದೇ ತರದ ತಪ್ಪು.

ನೋಡದ ಎತ್ತನ್ನು ಹೊಗಳಬಾರದು

ಜಾತ್ರೆಯಲ್ಲಿ ಎತ್ತು ಕೊಳ್ಳುವವರಿಗೆ "ಒಳ್ಳೆಯ ಎತ್ತು, ತೆಗೆದುಕೊಳ್ಳಿ" ಎಂದು ಹೇಳುವವನು ಮೊದಲು ಅದರ ಹಲ್ಲು ನೋಡಿರಬೇಕು, ಗಳೆ ಹೂಡಿ ನೋಡಿರಬೇಕು. ಹಾಗಿಲ್ಲದೆ ಹೇಳಿದರೆ ಎತ್ತು ನೊಗಕ್ಕೆ ಬಗ್ಗದ ದಿನ ಬೈಗುಳ ಬೀಳುವುದು ಮಾರಿದವನಿಗಿಂತ ಹೇಳಿದವನಿಗೆ. ಬೇರೆಯವರ ಸರಕನ್ನು ಹಂಚುವ ಮುನ್ನ ಅದನ್ನು ಕೈಯಲ್ಲಿ ಹಿಡಿದು ನೋಡುವ ಪದ್ಧತಿ ಕಡ್ಡಾಯವಾಗಿರಬೇಕು. ಕೌದಿಯಾದರೆ ಹೊಲಿಗೆ ಒತ್ತಾಗಿದೆಯೇ, ಒಳಪದರದಲ್ಲಿ ಜೀರ್ಣವಾದ ಬಟ್ಟೆ ಇದೆಯೇ ಎಂದು ನೋಡಬೇಕು. ಕೆಂಪು, ನೀಲಿ ತುಂಡುಗಳನ್ನು ಬಳಸುವ ಮೊದಲೇ ಉಪ್ಪುನೀರಿನಲ್ಲಿ ನೆನೆಸಿ, ಬಿಳಿ ಬಟ್ಟೆಯ ಮೇಲೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ಪರೀಕ್ಷಿಸಬೇಕು. ಬಣ್ಣ ಬಿಡುವ ಒಂದೇ ತುಂಡು ಇಡೀ ಕೌದಿಯನ್ನೂ, ಅದರ ಹಿಂದೆ ನಿಂತ ಹತ್ತು ಜನರ ಮಾತನ್ನೂ ಕೆಡಿಸುತ್ತದೆ.

ದೂರು ಬಂದಾಗ ಅದನ್ನು ಗುಂಪಿನಲ್ಲಿ ಎಲ್ಲರೆದುರು ಬರೆಯದೆ, ಶಿಫಾರಸು ಮಾಡಿದವರೂ ಹೊಲಿದವರೂ ಒಟ್ಟಿಗೆ ಕುಳಿತು ಬಗೆಹರಿಸಬೇಕು. ಮರಳಿ ಹೊಲಿದು ಕೊಡುವುದೋ, ಹಣ ಹಿಂತಿರುಗಿಸುವುದೋ ಎಂಬ ನಿಯಮ ಮೊದಲೇ ಗೊತ್ತಾಗಿರಲಿ.

ಬೆಲೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಉದಾಹರಣೆಗೆ, ದಿನಕ್ಕೆ 3 ತಾಸಿನಂತೆ 20 ದಿನ ಹೊಲಿದರೆ ಒಂದು ಕೌದಿ ಮುಗಿಯುತ್ತದೆ ಎಂದು ಇಟ್ಟುಕೊಂಡರೆ ಅದು 60 ತಾಸುಗಳ ದುಡಿಮೆ. ನೂಲಿಗೆ 150 ರೂಪಾಯಿ ತಗಲುತ್ತದೆ ಎನ್ನೋಣ. 1,200 ರೂಪಾಯಿಗೆ ಮಾರಿದರೆ ಕೈಗೆ ಉಳಿಯುವುದು 1,050, ಅಂದರೆ ತಾಸಿಗೆ ಹದಿನೇಳೂವರೆ ರೂಪಾಯಿ. ಹಳೆಯ ಬಟ್ಟೆಗೂ ಅಂಚೆಗೂ ಬೆಲೆ ಹಿಡಿದರೆ ಇದೂ ಉಳಿಯದು. ಹೊಲದ ಕೂಲಿಯ ಮುಂದೆ ಇದು ಏನು? ಹೀಗಿರುವಾಗ ಗುಂಪಿನ ಒಬ್ಬರು ಗುಟ್ಟಾಗಿ 1,000 ರೂಪಾಯಿಗೆ ಕೊಟ್ಟರೆ ಉಳಿದವರ ದುಡಿಮೆಯ ಬೆಲೆಯೂ ಬಿದ್ದುಹೋಗುತ್ತದೆ. ಮೊಬೈಲಿನಲ್ಲಿ ಗುಟ್ಟು ಉಳಿಯುವುದಿಲ್ಲ. ಗಿರಾಕಿಯೇ ಒಬ್ಬರ ಬೆಲೆಯನ್ನು ಇನ್ನೊಬ್ಬರಿಗೆ ತೋರಿಸುತ್ತಾರೆ. ಅಳತೆಯ ಪ್ರಕಾರ ಕನಿಷ್ಠ ಬೆಲೆಯನ್ನು ಎಲ್ಲರೂ ಕೂಡಿ ಗೊತ್ತುಮಾಡಿ, ಅದಕ್ಕಿಂತ ಇಳಿಯದಿರುವುದು ಮುಯ್ಯಿಯ ಮುಖ್ಯ ಕರಾರು. ಹೆಚ್ಚಿಗೆ ಮಾರುವ ಸ್ವಾತಂತ್ರ್ಯ ಎಲ್ಲರಿಗೂ ಇರಲಿ.

ಕೆಲವು ವ್ಯಾವಹಾರಿಕ ಸಂಗತಿಗಳು

ಚಿತ್ರವನ್ನು ಮುಂಜಾನೆಯ ಬೆಳಕಿನಲ್ಲಿ, ಕೌದಿಯನ್ನು ಹಗ್ಗದ ಮೇಲೆ ಪೂರ್ತಿ ಹರಡಿ ತೆಗೆಯಬೇಕು. ಒಂದು ಮೂಲೆಯ ಹೊಲಿಗೆ ಹತ್ತಿರದಿಂದ ಕಾಣುವಂತೆ ಇನ್ನೊಂದು ಚಿತ್ರ ಬೇಕು. ಉದ್ದ, ಅಗಲ, ತೂಕ, ಬೆಲೆ, ಅಂಚೆ ವೆಚ್ಚ, ಹೊಲಿದವರ ಹೆಸರು ಇಷ್ಟನ್ನೂ ಚಿತ್ರದ ಕೆಳಗೇ ಬರೆದರೆ, ಹಂಚುವವರು ಮತ್ತೆ ಮತ್ತೆ ಕೇಳಬೇಕಾಗುವುದಿಲ್ಲ. ಕೌದಿ ಭಾರದ ವಸ್ತುವಾದ್ದರಿಂದ ತೂಗಿ, ಅಂಚೆ ಕಚೇರಿಯಲ್ಲಿ ದರ ವಿಚಾರಿಸಿದ ಮೇಲೆಯೇ ಬೆಲೆ ಹೇಳತಕ್ಕದ್ದು.

ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. "ಹಣ ಕಳುಹಿಸಿದ್ದೇನೆ, ಪಿನ್ ಹಾಕಿ" ಎಂದು ಹೇಳುವವರು ಮೋಸಗಾರರು. ಇಂಥ ನಂಬರು ಒಬ್ಬರಿಗೆ ಬಂದರೆ ಆ ಕ್ಷಣವೇ ಎಲ್ಲರಿಗೂ ತಿಳಿಸುವುದು ಸಹ ಮುಯ್ಯಿಯೇ.

ದೊಡ್ಡ ಅಂತರಜಾಲ ಅಂಗಡಿಗಳ ಮೂಲಕ ಮಾರಬಯಸುವವರು ತೆರಿಗೆಯ ನಿಯಮವನ್ನು ತಿಳಿದಿರಬೇಕು. 2023 ರ ಅಕ್ಟೋಬರ್ 1 ರಿಂದ, ನೋಂದಣಿಯ ಮಿತಿಗಿಂತ ಕಡಿಮೆ ವಹಿವಾಟಿನ ಸಣ್ಣ ಮಾರಾಟಗಾರರು ಜಿ.ಎಸ್.ಟಿ. ನೋಂದಣಿಯಿಲ್ಲದೆಯೇ, ಪ್ಯಾನ್ ಆಧಾರದ ಮೇಲೆ ಒಂದು ಸಂಖ್ಯೆ ಪಡೆದು, ತಮ್ಮ ರಾಜ್ಯದೊಳಗೆ ಇಂಥ ಅಂಗಡಿಗಳ ಮೂಲಕ ಮಾರಬಹುದಾಗಿದೆ. ಚಿತ್ರ ತೆಗೆಯುವುದು, ಲೆಕ್ಕ ಬರೆಯುವುದು ಮೊದಲಾದ ತರಬೇತಿಗೆ ಹಳಿಯಾಳದ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಲ್ಲಿ ವಿಚಾರಿಸಬಹುದು.

ಅನೇಕ ಮನೆಗಳಲ್ಲಿ ಮೊಬೈಲು ಮಗನ ಇಲ್ಲವೆ ಯಜಮಾನರ ಕೈಯಲ್ಲಿರುತ್ತದೆ. ಗಿರಾಕಿ ಮಧ್ಯಾಹ್ನ ಕೇಳಿದ ಪ್ರಶ್ನೆಗೆ ರಾತ್ರಿ ಉತ್ತರ ಹೋಗುತ್ತದೆ, ಅಷ್ಟರಲ್ಲಿ ಗಿರಾಕಿ ಬೇರೆಡೆ ಹೋಗಿರುತ್ತಾರೆ. ಇಂಥವರ ಪಾಳಿ ಬಂದಾಗ ಹಗಲು ಮೊಬೈಲು ಕೈಯಲ್ಲಿರುವ ಇನ್ನೊಬ್ಬರ ನಂಬರನ್ನು ಚಿತ್ರದ ಕೆಳಗೆ ಕೊಡಬೇಕು. ಓದು ಬರಹ ಬಾರದ ಹಿರಿಯರು ಕೌದಿಯನ್ನು ತೊಡೆಯ ಮೇಲೆ ಹಾಸಿಕೊಂಡು, ಯಾವ ಸೀರೆ ಯಾರದು, ಎಷ್ಟು ದಿನ ಹಿಡಿಯಿತು ಎಂಬುದನ್ನು ತಮ್ಮ ಮಾತಿನಲ್ಲೇ ಹೇಳಿ ಧ್ವನಿ ಮುದ್ರಿಸಿ ಕಳುಹಿಸಬಹುದು.

ಬಿತ್ತನೆ, ಕಳೆ, ಕೊಯ್ಲು, ರಾಶಿಯ ದಿನಗಳಲ್ಲಿ ಪಾಳಿಯನ್ನು ಎಲ್ಲರೂ ಒಪ್ಪಿ ನಿಲ್ಲಿಸಬೇಕು. ಹೇಳದೆ ನಿಂತ ಗುಂಪು ಮತ್ತೆ ಏಳುವುದು ಕಷ್ಟ. ಹೇಳಿ ನಿಲ್ಲಿಸಿದ್ದು ತಾರೀಖಿಗೆ ಸರಿಯಾಗಿ ಏಳುತ್ತದೆ. ರಾಶಿ ಮುಗಿದ ಮೇಲಿನ ಮೊದಲ ಉಳಿತಾಯದ ಸಭೆಯಲ್ಲಿ ನೋಟಬುಕ್ಕನ್ನು ತೆರೆದು, ಹಿಂದಿನ ಸಲ ಪಾಳಿ ಎಲ್ಲಿ ನಿಂತಿತ್ತೋ ಆ ಹೆಸರಿನಿಂದಲೇ ಮುಂದುವರಿಸಬೇಕು.